ಪುಸ್ತಕ ಬರೆದಾಯಿತು, ಓದುಗರಿಗೆ ಹೇಳುವವರು ಯಾರು?

ಗಳಗನಾಥರು ಹುಟ್ಟಿದ್ದು 1869ರಲ್ಲಿ, ಮುದ್ದಣ ಹುಟ್ಟಿದ್ದು 1870ರಲ್ಲಿ. ಒಂದೇ ಕಾಲದ ಈ ಇಬ್ಬರು ತಮ್ಮ ಬರಹವನ್ನು ಲೋಕಕ್ಕೆ ಕೊಟ್ಟ ರೀತಿ ಮಾತ್ರ ಪೂರ್ವ-ಪಶ್ಚಿಮ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ, ತಮ್ಮ ಕಾವ್ಯಗಳನ್ನು ಮೈಸೂರಿನ ಪತ್ರಿಕೆಗೆ ಕಳಿಸುವಾಗ ಬರೆದವನು ತಾನೆಂದು ಹೇಳಲಿಲ್ಲ. ಮುದ್ದಣನೆಂಬ ಹಳೆಯ ಕವಿಯ ಕೃತಿ ತಮಗೆ ದೊರೆತಿದೆ ಎಂದರು. ಹೊಸಬನ ಹೆಸರು ಕಂಡರೆ ಪಂಡಿತರು ಪುಟ ತೆರೆಯುವುದಿಲ್ಲವೆಂಬ ಅಂಜಿಕೆ ಅವರದು. 1901ರಲ್ಲಿ, 31ನೆಯ ವಯಸ್ಸಿಗೇ ಅವರು ತೀರಿಕೊಂಡಾಗ ‘ಶ್ರೀರಾಮಾಶ್ವಮೇಧಂ’ ಬರೆದ ಕವಿ ಇವರೇ ಎಂಬುದು ಬಹುಪಾಲು ಓದುಗರಿಗೆ ತಿಳಿದಿರಲಿಲ್ಲ. ಇತ್ತ ಹಾವೇರಿ ಸೀಮೆಯ ವೆಂಕಟೇಶ ತಿರಕೋ ಕುಲಕರ್ಣಿ, ಅಂದರೆ ಗಳಗನಾಥರು, ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿದರು, ಮನೆ ಬಾಗಿಲಿಗೆ ಹೋಗಿ ಮಾರಿದರು. ಕನ್ನಡ ಓದುವ ಹವ್ಯಾಸವೇ ಇಲ್ಲದಿದ್ದ ಮನೆಗಳಲ್ಲಿ ಹೀಗೆ ಓದುಗರು ಹುಟ್ಟಿದರು.

ತನ್ನ ಪುಸ್ತಕದ ಬಗ್ಗೆ ಲೇಖಕ ಮಾತಾಡಬೇಕೆ, ಮಾತಾಡಿದರೆ ಎಷ್ಟು, ಹೇಗೆ ಎಂಬ ಚರ್ಚೆ ಇವತ್ತಿಗೂ ಈ ಎರಡು ತುದಿಗಳ ನಡುವೆಯೇ ನಡೆದಿದೆ. ಫೇಸ್‌ಬುಕ್ ಬಂದ ಮೇಲೆ ಲೇಖಕರು ವ್ಯಾಪಾರಿಗಳಾದರು ಎಂದು ಕೆಲವರು ನೊಂದುಕೊಳ್ಳುತ್ತಾರೆ. ಕೂಗಿ ಹೇಳದಿದ್ದರೆ ಯಾರೂ ತಿರುಗಿ ನೋಡುವುದಿಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡು ಮಾತಿನಲ್ಲೂ ಸತ್ಯದ ಅಂಶವಿದೆ. ಈ ಪ್ರಶ್ನೆಯನ್ನು ಅದರ ಇತಿಹಾಸ, ಅರ್ಥಶಾಸ್ತ್ರ, ಈಗ ಚಾಲ್ತಿಯಲ್ಲಿರುವ ದಾರಿಗಳು ಎಲ್ಲವನ್ನೂ ಸೇರಿಸಿ ನೋಡುವ ಪ್ರಯತ್ನ ಇಲ್ಲಿದೆ.

ಹೊಸ ಚಾಳಿಯೇನೂ ಅಲ್ಲ

ಪುಸ್ತಕ ತಾನಾಗಿ ನಡೆದು ಹೋಗುವುದಿಲ್ಲ, ಯಾರಾದರೂ ಒಯ್ಯಬೇಕು ಎಂಬ ತಿಳಿವಳಿಕೆ ನಮ್ಮಲ್ಲಿ ಅಚ್ಚುಕೂಟಕ್ಕಿಂತ ಹಳೆಯದು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಸಿ ಹಂಚಿಸಿದಳು. ಒಂದೊಂದು ಓಲೆಯನ್ನೂ ಕೈಯಲ್ಲಿ ಕೊರೆಯಬೇಕಿದ್ದ ಕಾಲದಲ್ಲಿ ಅದು ಎಂಥ ಸಾಹಸ! ಕುಮಾರವ್ಯಾಸನ ಭಾರತ ಅಕ್ಷರ ಬಾರದವರ ನಾಲಗೆಯ ಮೇಲೂ ಉಳಿದದ್ದು ಗಮಕಿಗಳಿಂದ. ಅತ್ತಿಮಬ್ಬೆ ಹಣ ಕೊಟ್ಟಳು, ಗಮಕಿಗಳು ದನಿ ಕೊಟ್ಟರು. ಕೃತಿ ಜನರ ಬಳಿಗೆ ಹೋಯಿತು.

ಅಚ್ಚಿನ ಯುಗ ಬಂದ ಮೇಲೆ ಈ ಭಾರ ಲೇಖಕನ ಹೆಗಲಿಗೆ ಬಂತು. ಗಳಗನಾಥರು ಹೆಗಲ ಗಂಟನ್ನಷ್ಟೇ ನಂಬಿ ಕೂರಲಿಲ್ಲ. ಅಗಡಿಯ ಆನಂದವನದಿಂದ ಬರುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯಲ್ಲಿ ದುಡಿದರು, ಮುಂದೆ ‘ಸದ್ಗುರು’ ಪತ್ರಿಕೆ ನಡೆಸಿದರು, ಅವುಗಳ ಮೂಲಕ ಕಾದಂಬರಿಯ ರುಚಿ ಹತ್ತಿಸಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯ ಇಟ್ಟು ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿ ಪ್ರಕಟಿಸಿದರು. ಮುಖಪುಟಕ್ಕೆ ಚಿತ್ರ ಬರೆಯುವುದಕ್ಕೂ ಹಿಂಜರಿಯಲಿಲ್ಲ. ‘ಚೋಮನ ದುಡಿ’ ಬರೆದ ಕೈಯೇ ಪುಸ್ತಕದ ಕಟ್ಟು ಬಿಗಿದು ಅಂಚೆಗೆ ಹಾಕಿದರೆ ಕಾದಂಬರಿಯ ತೂಕವೇನೂ ಕಡಿಮೆಯಾಗಲಿಲ್ಲ.

ಧಾರವಾಡ ಇನ್ನೊಂದು ದಾರಿ ತೋರಿಸಿತು. 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಆರಂಭಿಸಿದಾಗ ಮೊದಲು ಓದುಗರನ್ನು ಕಟ್ಟಿಕೊಂಡರು. ವರ್ಷಕ್ಕೆ ಇಷ್ಟು ಚಂದಾ ಕೊಟ್ಟು ಸದಸ್ಯರಾದರೆ ಆ ವರ್ಷದ ಪುಸ್ತಕಗಳು ಮನೆಗೆ ಬರುತ್ತಿದ್ದವು. ಯಾರು ಕೊಳ್ಳುತ್ತಾರೆಂದು ಗೊತ್ತಿದ್ದೇ ಅಚ್ಚು ಹಾಕುವ ಈ ಪದ್ಧತಿಯಿಂದ ಪ್ರಕಾಶಕ ಉಳಿದ, ಲೇಖಕನೂ ಉಳಿದ. ಗಿರೀಶ ಕಾರ್ನಾಡರೆಂಬ ಹೊಸ ಹುಡುಗ ಬರೆದ ‘ಯಯಾತಿ’ 1961ರಲ್ಲಿ ಹೊರಬಂದದ್ದು ಈ ಮಾಲೆಯಿಂದಲೇ. ಲೇಖಕನಿಗೆ ಸ್ವಂತ ಪ್ರಚಾರ ಬೇಕಾಗಲಿಲ್ಲ, ಮಾಲೆಯ ಹೆಸರೇ ಓದುಗರಿಗೆ ಭರವಸೆಯಾಗಿತ್ತು.

ಅಲ್ಲಿಂದ ಮುಂದೆ ಮೂರ್ನಾಲ್ಕು ದಶಕ ಈ ಕೆಲಸವನ್ನು ಬಹುಮಟ್ಟಿಗೆ ವಾರಪತ್ರಿಕೆಗಳು ವಹಿಸಿಕೊಂಡವು. ‘ಕರ್ಮವೀರ’, ‘ಪ್ರಜಾಮತ’, 1965ರಲ್ಲಿ ಶುರುವಾದ ‘ಸುಧಾ’, 1980ರ ದಶಕದ ‘ತರಂಗ’ಗಳಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಗೆ ಪುಸ್ತಕವಾಗುವ ಮೊದಲೇ ಓದುಗರಿರುತ್ತಿದ್ದರು. ಬಾಡಿಗೆ ಗ್ರಂಥಾಲಯಗಳು ಬೀದಿಬೀದಿಗೂ ಇದ್ದವು. ತ್ರಿವೇಣಿಯವರ ‘ಬೆಳ್ಳಿಮೋಡ’ 1967ರಲ್ಲಿ, ತ.ರಾ.ಸು. ಅವರ ‘ನಾಗರಹಾವು’ 1972ರಲ್ಲಿ ಸಿನಿಮಾಗಳಾದಾಗ ಥಿಯೇಟರಿನಿಂದ ಹೊರಬಂದವರು ಪುಸ್ತಕ ಹುಡುಕಿದರು. ಕವಿಗಳಿಗೆ ಕ್ಯಾಸೆಟ್ಟು ಒದಗಿತು. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದು ಭಾವಗೀತೆಯ ಧ್ವನಿಸುರುಳಿಗಳಿಗೆ ದಾರಿ ತೆರೆಯಿತು. 1942ರ ‘ಮೈಸೂರು ಮಲ್ಲಿಗೆ’ಗೆ ಹಾಡಿನಿಂದ, 1992ರ ಸಿನಿಮಾದಿಂದ ಮತ್ತೆ ಮತ್ತೆ ಹೊಸ ಓದುಗರು ಸಿಕ್ಕರು. ಆ ಕಾಲದ ಲೇಖಕ ಸುಮ್ಮನಿದ್ದರೂ ನಡೆಯುತ್ತಿತ್ತು ಎಂದು ನಾವು ನೆನೆಸಿಕೊಳ್ಳುತ್ತೇವಲ್ಲ, ಅದರ ಹಿಂದೆ ಇಷ್ಟು ದೊಡ್ಡ ವ್ಯವಸ್ಥೆ ದುಡಿಯುತ್ತಿತ್ತು.

ಈಗ ಲೇಖಕನೇ ಏಕೆ ಬೀದಿಗಿಳಿಯಬೇಕಾಗಿದೆ

ಆ ವ್ಯವಸ್ಥೆಯ ಹಲವು ಕಂಬಗಳು ಒಂದೊಂದಾಗಿ ಸಡಿಲಗೊಂಡಿವೆ. ಧಾರಾವಾಹಿ ಪ್ರಕಟಿಸುವ ಪತ್ರಿಕೆಗಳು ಕಡಿಮೆಯಾದವು. ಬಾಡಿಗೆ ಗ್ರಂಥಾಲಯಗಳು ಮುಚ್ಚಿದವು. ಪುಸ್ತಕದ ಅಂಗಡಿಗಳು ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರಿನಂಥ ಕೆಲವೇ ಊರುಗಳಲ್ಲಿ ಉಳಿದಿವೆ. ಬಹಳಷ್ಟು ತಾಲ್ಲೂಕು ಕೇಂದ್ರಗಳಲ್ಲಿ ಪಠ್ಯಪುಸ್ತಕ, ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಮಾರುವ ಅಂಗಡಿಗಳಷ್ಟೇ ಇವೆ. ಕಥಾಸಂಕಲನ ಕೇಳಿದರೆ ಅಂಗಡಿಯವರು ಬೆಂಗಳೂರಿನ ದಾರಿ ತೋರಿಸುತ್ತಾರೆ.

ಲೆಕ್ಕವನ್ನೂ ನೋಡಬೇಕು. 200 ಪುಟದ ಒಂದು ಪುಸ್ತಕಕ್ಕೆ 250 ರೂಪಾಯಿ ಮುಖಬೆಲೆ ಎಂದಿಟ್ಟುಕೊಳ್ಳೋಣ. ಮಾರಾಟಗಾರರಿಗೆ ಶೇಕಡಾ 40 ಕಮಿಷನ್ ಕೊಟ್ಟರೆ ಪ್ರಕಾಶಕನ ಕೈಗೆ 150 ರೂಪಾಯಿ ಬರುತ್ತದೆ. ಅದರಲ್ಲಿ ಕಾಗದ, ಡಿಟಿಪಿ, ಮುಖಪುಟ, ಮುದ್ರಣ, ಬೈಂಡಿಂಗು, ಸಾಗಣೆ, ಗೋದಾಮು ಎಲ್ಲ ಕಳೆದು ಲೇಖಕನಿಗೆ ಶೇಕಡಾ 10ರಂತೆ 25 ರೂಪಾಯಿ ಗೌರವಧನ ಕೊಟ್ಟರೆ ಉಳಿಯುವ ಮೊತ್ತದಲ್ಲಿ ಜಾಹೀರಾತಿಗೆ ಜಾಗವೆಲ್ಲಿ? ಹಿಂದೆ ಒಂದು ಮುದ್ರಣವೆಂದರೆ 1000 ಪ್ರತಿ ಎಂಬುದು ರೂಢಿ. ಈಗ 500, 300. ಬೇಡಿಕೆ ಬಂದಷ್ಟೇ ಅಚ್ಚು ಹಾಕುವ ಡಿಜಿಟಲ್ ಮುದ್ರಣದಲ್ಲಿ 100 ಪ್ರತಿಯಿಂದ ಶುರುಮಾಡುವವರೂ ಇದ್ದಾರೆ. 300 ಪ್ರತಿಯ ಪುಸ್ತಕಕ್ಕೆ ಯಾವ ಪ್ರಕಾಶಕನೂ ದಿನಪತ್ರಿಕೆಯಲ್ಲಿ ಜಾಹೀರಾತು ಕೊಡಲಾರ. ಹಾಗಾಗಿ ಹೇಳುವ ಕೆಲಸ ಬರೆದವರ ಪಾಲಿಗೆ ಬಿದ್ದಿದೆ.

ಈ ಸ್ಥಿತಿಯಲ್ಲಿ ಲೇಖಕರೇ ಪ್ರಕಾಶಕರಾದ ಉದಾಹರಣೆಗಳೂ ಹೆಚ್ಚಿವೆ. ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ವಸುಧೇಂದ್ರ ‘ಛಂದ ಪುಸ್ತಕ’ ಕಟ್ಟಿದರು. ತಮ್ಮ ಪುಸ್ತಕಗಳ ಜೊತೆಗೆ ಹೊಸ ಕತೆಗಾರರ ಹಸ್ತಪ್ರತಿಗೆ ಬಹುಮಾನವಿಟ್ಟು ಅವರ ಮೊದಲ ಸಂಕಲನವನ್ನೂ ಹೊರತಂದರು. ಹೊನ್ನಾವರ ತಾಲ್ಲೂಕಿನ ಕವಲಕ್ಕಿಯಲ್ಲಿ ವೈದ್ಯೆಯಾಗಿರುವ ಎಚ್.ಎಸ್. ಅನುಪಮಾ ‘ಕವಿ ಪ್ರಕಾಶನ’ ನಡೆಸುತ್ತಾರೆ. ಶಿವಮೊಗ್ಗದಲ್ಲಿ ಅಕ್ಷತಾ ಹುಂಚದಕಟ್ಟೆ ಅವರ ‘ಅಹರ್ನಿಶಿ’ ಇದೆ. ಇದಕ್ಕೂ ಹಿಂದೆ ರವಿ ಬೆಳಗೆರೆ ತಮ್ಮ ‘ಹಾಯ್ ಬೆಂಗಳೂರ್!’ ವಾರಪತ್ರಿಕೆಯ ಓದುಗರನ್ನೇ ತಮ್ಮ ಪುಸ್ತಕಗಳ ಓದುಗರನ್ನಾಗಿ ಮಾಡಿಕೊಂಡಿದ್ದರು, ಗಾಂಧಿ ಬಜಾರಿನಲ್ಲಿ ಅಂಗಡಿ ಇಟ್ಟಿದ್ದರು. ಇವರೆಲ್ಲರ ಬರವಣಿಗೆ ಬೇರೆ ಬೇರೆ, ನಿಲುವುಗಳೂ ಬೇರೆ. ಆದರೆ ತಮ್ಮ ಓದುಗ ಯಾರು, ಎಲ್ಲಿದ್ದಾನೆ ಎಂಬುದನ್ನು ಪ್ರತಿಯೊಬ್ಬರೂ ಚೆನ್ನಾಗಿ ಅರಿತಿದ್ದರು.

ಬಿಡುಗಡೆ ಎಂಬ ಸಮಾರಂಭ

ಕನ್ನಡದಲ್ಲಿ ಪುಸ್ತಕ ಪ್ರಚಾರವೆಂದರೆ ಮೊದಲು ನೆನಪಾಗುವುದು ಬಿಡುಗಡೆ ಸಮಾರಂಭ. ಬೆಂಗಳೂರಿನ ನಯನ ಸಭಾಂಗಣ, ಬಸವನಗುಡಿಯ ವಾಡಿಯಾ ಸಭಾಂಗಣ, ಸಾಹಿತ್ಯ ಪರಿಷತ್ತಿನ ಕೃಷ್ಣರಾಜ ಪರಿಷನ್ಮಂದಿರ, ಧಾರವಾಡದ ವಿದ್ಯಾವರ್ಧಕ ಸಂಘಗಳಲ್ಲಿ ಭಾನುವಾರ ಬಂತೆಂದರೆ ಪುಸ್ತಕಗಳ ಬಣ್ಣದ ಕಾಗದ ಬಿಚ್ಚುತ್ತಲೇ ಇರುತ್ತದೆ. ಗೆಳೆಯರು ಸೇರುತ್ತಾರೆ, ಹಿರಿಯರು ಹರಸುತ್ತಾರೆ, ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಇದಕ್ಕೊಂದು ಸಾಮಾಜಿಕ ಬೆಲೆ ಇದ್ದೇ ಇದೆ. ವರ್ಷಗಟ್ಟಲೆ ಒಬ್ಬಂಟಿಯಾಗಿ ಕೂತು ಬರೆದವರಿಗೆ ಆ ಒಂದು ಬೆಳಗ್ಗೆ ತಮ್ಮವರ ಮುಂದೆ ನಿಲ್ಲುವ ಸಂತೋಷ ದೊಡ್ಡದು.

ಆದರೆ ಪುಸ್ತಕದ ದೃಷ್ಟಿಯಿಂದ ನೋಡಿದರೆ ಸಮಾರಂಭದ ಈಗಿನ ಸ್ವರೂಪ ಬದಲಾಗಬೇಕು. ವೇದಿಕೆಯ ಮೇಲೆ ಆರೇಳು ಜನ, ಪ್ರತಿಯೊಬ್ಬರಿಗೂ ಶಾಲು-ಹಾರ-ಫಲತಾಂಬೂಲ. ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷೀಯ, ವಂದನಾರ್ಪಣೆ ಎಲ್ಲ ಮುಗಿಯುವ ಹೊತ್ತಿಗೆ ಲೇಖಕನಿಗೆ ಐದು ನಿಮಿಷ ಉಳಿದಿರುತ್ತದೆ. ಪುಸ್ತಕದ ಒಂದು ಪುಟವನ್ನೂ ಯಾರೂ ಓದಿರುವುದಿಲ್ಲ. ಸಭಾಂಗಣದ ಬಾಡಿಗೆ, ಆಹ್ವಾನ ಪತ್ರಿಕೆ, ತಿಂಡಿ-ಕಾಫಿಗೆ ಆದ ಖರ್ಚು ಅಲ್ಲಿ ಮಾರಾಟವಾದ ಪ್ರತಿಗಳಿಂದ ಹುಟ್ಟುವುದು ಅಪರೂಪ.

ಈಚೆಗೆ ಹಲವರು ಇದನ್ನು ಸರಳಗೊಳಿಸಿದ್ದಾರೆ. ಲೇಖಕರೊಂದಿಗೆ ಒಬ್ಬರೇ ಒಬ್ಬ ಓದಿದವರು ಕೂತು ಮಾತಾಡುತ್ತಾರೆ, ಪುಸ್ತಕದ ಎರಡು ಭಾಗಗಳನ್ನು ಗಟ್ಟಿಯಾಗಿ ಓದುತ್ತಾರೆ, ಸಭಿಕರು ಪ್ರಶ್ನೆ ಕೇಳುತ್ತಾರೆ. ಹೆಗ್ಗೋಡಿನ ನೀನಾಸಂ ಶಿಬಿರದಲ್ಲಿ ಕೂತವರಿಗೆ ಈ ಸಂವಾದದ ರೀತಿ ಹೊಸದಲ್ಲ. ಬೆಂಗಳೂರಿನ ಸಭಾಂಗಣದ ಬದಲು ಕತೆ ನಡೆಯುವ ಊರಿನಲ್ಲೇ, ಅಲ್ಲಿನ ಕಾಲೇಜಿನಲ್ಲೋ ಗ್ರಂಥಾಲಯದಲ್ಲೋ ಪುಸ್ತಕ ಬಿಡುಗಡೆ ಮಾಡುವವರೂ ಇದ್ದಾರೆ. ಮಲೆನಾಡಿನ ಕಾದಂಬರಿ ತೀರ್ಥಹಳ್ಳಿಯಲ್ಲಿ, ನೀರಾವರಿ ಕುರಿತ ಪುಸ್ತಕ ಮಂಡ್ಯದಲ್ಲಿ ಬಿಡುಗಡೆಯಾದರೆ ಕೊಳ್ಳುವವರಿಗೆ ಅದು ತಮ್ಮದೇ ಪುಸ್ತಕ ಎನಿಸುತ್ತದೆ.

ಮುನ್ನುಡಿ, ಬೆನ್ನುಡಿ, ವಿಮರ್ಶೆ

ಹೊಸ ಲೇಖಕನ ಪರಿಚಯವನ್ನು ಹಿರಿಯರು ಮಾಡಿಕೊಡುವ ಮುನ್ನುಡಿ ನಮ್ಮ ಸಾಹಿತ್ಯದ ಒಳ್ಳೆಯ ಸಂಪ್ರದಾಯ. ನಿಜವಾಗಿ ಓದಿ ಬರೆದ ಮುನ್ನುಡಿ ಪುಸ್ತಕದೊಂದಿಗೆ ದಶಕಗಳ ಕಾಲ ಉಳಿಯುತ್ತದೆ. ಆದರೆ ಮುನ್ನುಡಿಯ ಜೊತೆಗೆ ಹಾರೈಕೆಯ ಮಾತು, ಶುಭನುಡಿ, ಬೆನ್ನುಡಿ ಎಂದು ನಾಲ್ಕಾರು ಜನರಿಂದ ಬರೆಸಿಕೊಳ್ಳುವ ಅಭ್ಯಾಸ ಬೆಳೆದಿದೆ. ಕವಿತೆ ಶುರುವಾಗುವುದು 25ನೆಯ ಪುಟದಲ್ಲಾದರೆ ಅಂಗಡಿಯಲ್ಲಿ ಪುಸ್ತಕ ತಿರುವಿ ನೋಡುವವರಿಗೆ ಕವಿತೆ ಕಾಣುವುದು ಯಾವಾಗ? ಬೆನ್ನುಡಿಗೆ ಅತ್ಯುತ್ತಮ ಸಾಮಗ್ರಿ ಆ ಪುಸ್ತಕದ್ದೇ ಒಂದು ಒಳ್ಳೆಯ ಭಾಗ, ಇಲ್ಲವೇ ಒಳಗೆ ಏನಿದೆ ಎಂದು ನೇರವಾಗಿ ಹೇಳುವ ನಾಲ್ಕು ಸಾಲು. ಪುಸ್ತಕದ ಬಗ್ಗೆ ಮೊದಲ ಮಾಹಿತಿ ಕೊಡುವ ಜಾಗ ಅದು. ಲೇಖಕರಿಗೆ ಬಂದ ಪ್ರಶಸ್ತಿಗಳ ಪಟ್ಟಿಯಿಂದ ಅದನ್ನು ತುಂಬಬಾರದು.

ವಿಮರ್ಶೆಗೆಂದು ಪತ್ರಿಕೆಗಳಿಗೆ ಎರಡು ಪ್ರತಿ ಕಳಿಸುವುದು ಹಳೆಯ ಕ್ರಮ. ಭಾನುವಾರದ ಪುರವಣಿಗಳಲ್ಲಿ ವಿಮರ್ಶೆಯ ಜಾಗ ಕುಗ್ಗಿದೆ. ಎಷ್ಟೋ ಪುಸ್ತಕಗಳು ‘ಸಾದರ ಸ್ವೀಕಾರ’ದ ಪಟ್ಟಿಯಲ್ಲಿ ಒಂದು ಸಾಲಾಗಿ ಮುಗಿಯುತ್ತವೆ. ಹಾಗೆಂದು ಕಳಿಸುವುದನ್ನು ನಿಲ್ಲಿಸಬೇಕಿಲ್ಲ. ಕೃಷಿಯ ಪುಸ್ತಕವಾದರೆ ಕೃಷಿ ಪತ್ರಿಕೆಗೆ, ಮಕ್ಕಳ ಪುಸ್ತಕವಾದರೆ ಶಿಕ್ಷಕರ ಬಳಗಕ್ಕೆ, ಇತಿಹಾಸವಾದರೆ ಆ ಪ್ರದೇಶದ ಸ್ಥಳೀಯ ಪತ್ರಿಕೆಗೆ, ಮುಂಬಯಿ ಕನ್ನಡಿಗರ ಬದುಕಿನ ಕತೆಯಾದರೆ ಅಲ್ಲಿನ ಸಂಘಗಳಿಗೆ ಕಳಿಸಿದರೆ ಓದುವವರ ಕೈ ಸೇರುವ ಸಂಭವ ಹೆಚ್ಚು. ಈ ವಿವೇಚನೆ ಲೇಖಕನಿಗೆ ಇರಬೇಕು, ಏಕೆಂದರೆ ತನ್ನ ಪುಸ್ತಕ ಯಾರಿಗಾಗಿ ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರುವುದಿಲ್ಲ.

ಚರ್ಚೆಯೂ ಪುಸ್ತಕವನ್ನು ಒಯ್ಯುತ್ತದೆ. ಎಸ್.ಎಲ್. ಭೈರಪ್ಪನವರ ‘ಆವರಣ’ 2007ರಲ್ಲಿ ಬಂದಾಗ ಪರ-ವಿರೋಧದ ಬರಹಗಳಿಂದ ಪತ್ರಿಕೆಗಳು ತುಂಬಿದವು, ಕೆಲವೇ ತಿಂಗಳಲ್ಲಿ ಮರುಮುದ್ರಣಗಳ ಮೇಲೆ ಮರುಮುದ್ರಣ ಕಂಡಿತು. ಆದರೆ ಅದರ ಹಿಂದೆ ‘ವಂಶವೃಕ್ಷ’ದಿಂದ ಶುರುವಾಗಿ ನಾಲ್ಕು ದಶಕ ಅವರು ಗಳಿಸಿದ ಓದುಗರ ವಿಶ್ವಾಸವಿತ್ತು. ಆ ವಿಶ್ವಾಸವಿಲ್ಲದೆ ಬರಿಯ ವಿವಾದವನ್ನು ಎಬ್ಬಿಸಿ ಪುಸ್ತಕ ಮಾರಲು ಹೊರಟವರ ಸದ್ದು ಒಂದು ತಿಂಗಳಿಗೆ ಅಡಗುತ್ತದೆ.

ಗ್ರಂಥಾಲಯದ ಖರೀದಿ

ಕನ್ನಡ ಪುಸ್ತಕೋದ್ಯಮದ ಬಗ್ಗೆ ಮಾತಾಡುವಾಗ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ಬಿಡುವಂತಿಲ್ಲ. 1965ರ ಕಾಯ್ದೆಯಂತೆ ಆಸ್ತಿ ತೆರಿಗೆಯೊಂದಿಗೆ ಶೇಕಡಾ 6 ಗ್ರಂಥಾಲಯ ಕರ ವಸೂಲಾಗುತ್ತದೆ. ಆ ಹಣದಿಂದ ಆಯ್ಕೆಯಾದ ಪುಸ್ತಕದ ಸಾಮಾನ್ಯವಾಗಿ 300 ಪ್ರತಿಗಳನ್ನು ಇಲಾಖೆ ಕೊಳ್ಳುತ್ತದೆ. ಸಣ್ಣ ಪ್ರಕಾಶಕರು ಉಸಿರಾಡುತ್ತಿರುವುದು ಇದರಿಂದ ಎಂದರೆ ತಪ್ಪಿಲ್ಲ. ಹಳ್ಳಿಯ ಓದುಗರಿಗೆ ಹೊಸ ಪುಸ್ತಕ ಉಚಿತವಾಗಿ ಸಿಗುವುದೂ ಇದರಿಂದಲೇ.

ಆದರೆ ಇದರ ಅಡ್ಡಪರಿಣಾಮ ಗಂಭೀರವಾದದ್ದು. ಖರೀದಿಯ ನಿರೀಕ್ಷೆಯಲ್ಲೇ ಪುಸ್ತಕ ಅಚ್ಚಾದರೆ ಓದುಗರನ್ನು ಹುಡುಕುವ ಅಗತ್ಯವೇ ಬೀಳುವುದಿಲ್ಲ. ಪುಟಕ್ಕೆ ಇಷ್ಟು ಎಂದು ಬೆಲೆ ನಿಗದಿಯಾಗುವುದರಿಂದ ಕಾಗದ, ಮುದ್ರಣ, ಕರಡು ತಿದ್ದುವಿಕೆಯ ಗುಣಮಟ್ಟಕ್ಕೆ ಪ್ರೋತ್ಸಾಹ ಉಳಿಯುವುದಿಲ್ಲ. ಆಯ್ಕೆ ಮತ್ತು ಪಾವತಿ ತಡವಾದಾಗ ಪ್ರಕಾಶಕನ ಬಂಡವಾಳ ಸಿಕ್ಕಿಬೀಳುತ್ತದೆ, ಲೇಖಕನ ಗೌರವಧನ ಅದರ ಹಿಂದೆ ನಿಲ್ಲುತ್ತದೆ. ಗ್ರಂಥಾಲಯ ಖರೀದಿ ಬೇಕು, ಅದು ಸಕಾಲಕ್ಕೆ ಪಾರದರ್ಶಕವಾಗಿ ನಡೆಯಬೇಕು. ಆದರೆ ಅದೊಂದನ್ನೇ ಓದುಗವಲಯವೆಂದು ತಿಳಿದ ಲೇಖಕ ತನ್ನ ನಿಜವಾದ ಓದುಗರನ್ನು ಎಂದೂ ಭೇಟಿಯಾಗುವುದಿಲ್ಲ.

ಸರ್ಕಾರದ ಇನ್ನೊಂದು ಕೈ 1993ರಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರ. ಯುವ ಬರಹಗಾರರ ಚೊಚ್ಚಲ ಕೃತಿಗೆ ಅದು ಕೊಡುವ ಪ್ರೋತ್ಸಾಹಧನದಿಂದ ಎಷ್ಟೋ ಜನರ ಮೊದಲ ಪುಸ್ತಕ ಬೆಳಕು ಕಂಡಿದೆ. ಆ ಹಣ ಮುದ್ರಣಕ್ಕೆ ಸಾಲುತ್ತದೆ, ಮುಂದಿನ ದಾರಿಯನ್ನು ಹೊಸಬರೇ ಹುಡುಕಿಕೊಳ್ಳಬೇಕು. ಧನಸಹಾಯದ ಜೊತೆಗೆ ಮಾರಾಟ, ಲೆಕ್ಕಪತ್ರ, ಹಕ್ಕುಸ್ವಾಮ್ಯದ ಬಗ್ಗೆ ಒಂದು ದಿನದ ತರಬೇತಿಯನ್ನೂ ಪ್ರಾಧಿಕಾರ ಕಡ್ಡಾಯ ಮಾಡಿದರೆ ಈ ಯೋಜನೆಯ ಫಲ ಇಮ್ಮಡಿಯಾಗುತ್ತದೆ.

ಮೇಳ, ಮೊಬೈಲು, ಅಂಚೆ

ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಗಳನ್ನು ನೋಡಿದವರು ಕನ್ನಡಕ್ಕೆ ಓದುಗರಿಲ್ಲ ಎಂಬ ಮಾತನ್ನು ಒಪ್ಪಲಾರರು. ಹಾವೇರಿಯಲ್ಲಿ, ಮಂಡ್ಯದಲ್ಲಿ ಮುಖ್ಯ ವೇದಿಕೆಯಷ್ಟೇ ಜನ ಮಳಿಗೆಗಳ ಸಾಲಿನಲ್ಲೂ ಇದ್ದರು. 2025ರಲ್ಲಿ ವಿಧಾನಸೌಧದ ಆವರಣದಲ್ಲೂ ಪುಸ್ತಕ ಮೇಳ ನಡೆಯಿತು. ವೀರಲೋಕ ಪ್ರಕಾಶನದ ಪುಸ್ತಕ ಸಂತೆ ಲೇಖಕರನ್ನು ಮಳಿಗೆಯಲ್ಲಿ ಕೂರಿಸಿ ಓದುಗರಿಗೆ ಹತ್ತಿರ ತಂದಿತು. ಬುಕ್ ಬ್ರಹ್ಮ 2024ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣದ ಭಾಷೆಗಳ ಲೇಖಕರನ್ನೆಲ್ಲ ಸೇರಿಸಿ ಸಾಹಿತ್ಯ ಉತ್ಸವ ನಡೆಸಿತು. ಲೇಖಕ ಎದುರಿಗಿದ್ದು, ಪುಸ್ತಕದ ಮೇಲೆ ಕೊಳ್ಳುವವರ ಹೆಸರು ಬರೆದು ಸಹಿ ಹಾಕಿಕೊಟ್ಟರೆ ಆ ಪ್ರತಿ ಮನೆಯಲ್ಲಿ ಉಳಿಯುತ್ತದೆ, ನಾಲ್ಕು ಜನರಿಗೆ ತೋರಿಸಲ್ಪಡುತ್ತದೆ.

ಮೊಬೈಲು ತಂದ ಬದಲಾವಣೆ ಇನ್ನೂ ದೊಡ್ಡದು. ಬಿಡುಗಡೆಗೆ ಒಂದು ತಿಂಗಳ ಮೊದಲೇ ಮುಖಪುಟ ತೋರಿಸಿ, ಮುಂಗಡವಾಗಿ ಹಣ ಕಳಿಸಿದವರಿಗೆ ಸಹಿ ಮಾಡಿದ ಪ್ರತಿ ಕಳಿಸುವ ಪದ್ಧತಿ ಈಗ ವ್ಯಾಪಕವಾಗಿದೆ. ಮುಂಗಡ ಬಂದ ಸಂಖ್ಯೆ ನೋಡಿ ಎಷ್ಟು ಪ್ರತಿ ಅಚ್ಚು ಹಾಕಬೇಕೆಂದು ತೀರ್ಮಾನಿಸಬಹುದು. ಮನೋಹರ ಗ್ರಂಥಮಾಲೆ ಚಂದಾದಾರರನ್ನು ಸೇರಿಸಿದ ತತ್ವವೇ ಇಲ್ಲಿ ಮತ್ತೆ ಬಂದಿದೆ. ಪ್ರಕಾಶನಗಳ ಜಾಲತಾಣಗಳು, ಹರಿವು ಬುಕ್ಸ್‌ನಂಥ ಆನ್‌ಲೈನ್ ಅಂಗಡಿಗಳು ಬೀದರಿನ ಓದುಗರಿಗೂ ಪುಸ್ತಕ ಮುಟ್ಟಿಸುತ್ತವೆ. ಮೈಲ್ಯಾಂಗ್ ಇ-ಪುಸ್ತಕ ಮತ್ತು ಆಡಿಯೋ ಪುಸ್ತಕಗಳ ಮೂಲಕ ಅಮೆರಿಕ, ಕೊಲ್ಲಿ ದೇಶಗಳ ಕನ್ನಡಿಗರಿಗೆ ಸಾಗಣೆ ವೆಚ್ಚವಿಲ್ಲದೆ ಪುಸ್ತಕ ಕೊಡುತ್ತಿದೆ. ಕಿವಿಯಲ್ಲಿ ಕೇಳುವ ಪುಸ್ತಕ ಕನ್ನಡ ಮಾತಾಡಬಲ್ಲ ಆದರೆ ಓದಲು ಬಾರದ ಹೊರನಾಡಿನ ಮಕ್ಕಳಿಗೂ ಒದಗುತ್ತದೆ. ಅಮೆರಿಕದ ಕನ್ನಡ ಸಾಹಿತ್ಯ ರಂಗದಂಥ ಸಂಸ್ಥೆಗಳು ಅಲ್ಲಿನ ಬರಹಗಾರರನ್ನೂ ಓದುಗರನ್ನೂ ಒಟ್ಟಿಗೆ ತರುತ್ತಿವೆ.

ಇಷ್ಟೆಲ್ಲ ಇದ್ದೂ ಕೊನೆಗೆ ಪುಸ್ತಕ ಹೋಗಬೇಕಾದ್ದು ಅಂಚೆಯಲ್ಲೇ. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆ ನಿಲ್ಲಿಸಿದಾಗ ಸಣ್ಣ ಪ್ರಕಾಶಕರಿಗೂ ತಾವೇ ಪುಸ್ತಕ ಕಳಿಸುವ ಲೇಖಕರಿಗೂ ದೊಡ್ಡ ಪೆಟ್ಟು ಬಿತ್ತು. 150 ರೂಪಾಯಿಯ ಕವನ ಸಂಕಲನಕ್ಕೆ ಸಾಗಣೆಯೇ ಹೊರೆಯಾದರೆ ಕೊಳ್ಳುವವರು ಹಿಂಜರಿಯುತ್ತಾರೆ. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಬಂದಿದೆ. ತೆರಿಗೆ ಬಿಟ್ಟು 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ. ಯಾವ ಬಗೆಯ ಪುಸ್ತಕಕ್ಕೆ ಈ ದರ ಅನ್ವಯಿಸುತ್ತದೆ ಎಂಬ ನಿಯಮಗಳನ್ನು ಕಳಿಸುವ ಮೊದಲು ಅಂಚೆ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಸಾಹಿತ್ಯ ಕೃತಿಗಳೆಲ್ಲಕ್ಕೂ ನಿರಾತಂಕವಾಗಿ ಸಲ್ಲುವ ಅಗ್ಗದ ಅಂಚೆ ದರ ನಮ್ಮ ಲೇಖಕರ, ಪ್ರಕಾಶಕರ ಸಂಘಟನೆಗಳ ಮೊದಲ ಬೇಡಿಕೆಯಾಗಬೇಕು.

ಎಲ್ಲಿ ದಾರಿ ತಪ್ಪುತ್ತದೆ

ಪ್ರಚಾರ ಅತಿಯಾದಾಗ ಮೊದಲು ಹಾಳಾಗುವುದು ನಂಬಿಕೆ. ದಿನವೂ ಅದೇ ಮುಖಪುಟವನ್ನು ಹತ್ತು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳಿಸಿದರೆ ಜನ ನೋಡುವುದನ್ನೇ ಬಿಡುತ್ತಾರೆ. ‘ನೀವು ನನ್ನದನ್ನು ಹೊಗಳಿ, ನಾನು ನಿಮ್ಮದನ್ನು ಹೊಗಳುತ್ತೇನೆ’ ಎಂಬ ಒಪ್ಪಂದದ ಬರಹಗಳನ್ನು ಓದುಗರು ಬೇಗ ಗುರುತಿಸುತ್ತಾರೆ. ಒಮ್ಮೆ ಆ ಹೊಗಳಿಕೆ ನಂಬಿ ಹಣ ಕೊಟ್ಟು ಮೋಸಹೋದ ಓದುಗ ಮುಂದಿನ ಹೊಸ ಲೇಖಕನ ಒಳ್ಳೆಯ ಪುಸ್ತಕವನ್ನೂ ಮುಟ್ಟುವುದಿಲ್ಲ. ನಷ್ಟ ಇಡೀ ಕನ್ನಡಕ್ಕೆ. ಪ್ರವೇಶ ಶುಲ್ಕ ಕಟ್ಟಿಸಿಕೊಂಡು ಫಲಕ, ಪ್ರಮಾಣಪತ್ರ ಕೊಡುವ ಪ್ರಶಸ್ತಿಗಳು ಹೆಚ್ಚಿವೆ. ಹೊಸಬರ ಉತ್ಸಾಹವನ್ನು ಹಣ ಮಾಡಿಕೊಳ್ಳುವ ಈ ದಂಧೆಯಿಂದ ಲೇಖಕರು ದೂರವಿರಬೇಕು. ಮುದ್ರಣಕ್ಕೂ ಪ್ರಚಾರಕ್ಕೂ ಸೇರಿಸಿ ದೊಡ್ಡ ಮೊತ್ತ ಕೇಳುವವರ ಕೈಗೆ ಹಸ್ತಪ್ರತಿ ಕೊಡುವ ಮೊದಲು ಎಷ್ಟು ಪ್ರತಿ, ಎಲ್ಲಿ ಮಾರಾಟ, ಹಕ್ಕು ಯಾರದು ಎಂಬುದನ್ನು ಬರಹದಲ್ಲಿ ಪಡೆಯಬೇಕು.

ಗೌರವ ಪ್ರತಿಯ ಪದ್ಧತಿಯನ್ನೂ ನಾವು ಮರುಚಿಂತಿಸಬೇಕು. ಪುಸ್ತಕ ಬಂತೆಂದರೆ ನೆಂಟರು, ಗೆಳೆಯರು, ಸಹೋದ್ಯೋಗಿಗಳು ಒಂದು ಪ್ರತಿ ಕೊಡಿ ಎನ್ನುವುದು ಪ್ರೀತಿಯಿಂದಲೇ. ಆದರೆ 300 ಪ್ರತಿಯ ಮುದ್ರಣದಲ್ಲಿ 100 ಪ್ರತಿ ಹೀಗೆ ಹೋದರೆ ಎರಡನೆಯ ಮುದ್ರಣದ ಹಣವೂ ಅದರ ಜೊತೆಗೇ ಹೋದಂತೆ. ಗೆಳೆಯನ ಹೋಟೆಲಿನಲ್ಲಿ ತಿಂಡಿ ತಿಂದು ಬಿಲ್ಲು ಕೊಡುವ ನಾವು ಗೆಳೆಯನ ಪುಸ್ತಕಕ್ಕೂ ಹಣ ಕೊಡಬೇಕು. ಶೇಕಡಾ 50 ರಿಯಾಯಿತಿಯ ಮಾರಾಟವೂ ಹಾಗೆಯೇ. ರಾಜ್ಯೋತ್ಸವದ ತಿಂಗಳಲ್ಲಿ ಸರ್ಕಾರಿ ಪ್ರಕಟಣೆಗಳಿಗೆ ಅದು ಸರಿ. ವರ್ಷವಿಡೀ ಎಲ್ಲರೂ ಅದನ್ನೇ ಮಾಡಿದರೆ ಮುಖಬೆಲೆಯನ್ನು ಮೊದಲೇ ಏರಿಸಿಡುವ ಚಟ ಬೆಳೆಯುತ್ತದೆ, ಓದುಗರಿಗೆ ಪುಸ್ತಕದ ನಿಜವಾದ ಬೆಲೆ ತಿಳಿಯದಾಗುತ್ತದೆ.

ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ಇನ್ನೊಂದಿದೆ. ಪುಸ್ತಕದ ಬಗ್ಗೆ ಎಲ್ಲೆಡೆ ಹೇಳಿ, ಅದು ಎಲ್ಲಿ ಸಿಗುತ್ತದೆ ಎಂಬುದನ್ನು ಹೇಳದಿರುವುದು. ಆಸಕ್ತಿ ಹುಟ್ಟಿದ ದಿನವೇ ಪುಸ್ತಕ ಸಿಗದಿದ್ದರೆ ಓದುಗ ಮರೆಯುತ್ತಾನೆ. ಬಾನು ಮುಷ್ತಾಕ್ ಅವರ ಕತೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದಾಗ ಅವರ ಮೂಲ ಕನ್ನಡ ಕತೆಗಳನ್ನು ಕೇಳಿಕೊಂಡು ಅಂಗಡಿಗೆ ಬಂದವರು ಅನೇಕ. 1990ರಿಂದ 2023ರವರೆಗೆ ಬರೆದ ಕತೆಗಳಲ್ಲಿ ಆಯ್ದ 12 ಕತೆಗಳ ಸಂಕಲನ ಅದು. ಮೂರು ದಶಕದ ಬರವಣಿಗೆ, ದೀಪಾ ಭಾಸ್ತಿಯವರ ಅನುವಾದ, ಆ ಪುಸ್ತಕವನ್ನು ನಂಬಿ ಪ್ರಶಸ್ತಿಗೆ ಕಳಿಸಿದ ಪ್ರಕಾಶಕರು, ಈ ಮೂರೂ ಕೂಡಿದ್ದರಿಂದ ಕನ್ನಡದ ಕತೆ ಜಗತ್ತಿಗೆ ಕೇಳಿಸಿತು. ಲೇಖಕಿಯೊಬ್ಬರೇ ಎಷ್ಟು ಕೂಗಿದ್ದರೂ ಅದು ಆಗುತ್ತಿರಲಿಲ್ಲ.

ಮಾಡಬಹುದಾದ್ದು

ಹೊಸದಾಗಿ ಪುಸ್ತಕ ತರುತ್ತಿರುವವರಿಗೆ ಈ ಸಮೀಕ್ಷೆಯಿಂದ ಕೆಲವು ನೇರ ಮಾತು ಹೇಳಬಹುದು. ಪುಸ್ತಕಕ್ಕೆ ಮೊದಲು ಬಿಡಿ ಬರಹಗಳು ಪತ್ರಿಕೆಗಳಲ್ಲಿ, ಕಥಾಸ್ಪರ್ಧೆಗಳಲ್ಲಿ ಕಾಣಿಸಿಕೊಳ್ಳಲಿ. ಅಲ್ಲಿ ಗಳಿಸಿದ ಹೆಸರು ಪುಸ್ತಕದ ಮುಂದೆ ನಡೆಯುತ್ತದೆ. ಕರಡು ತಿದ್ದುವುದಕ್ಕೂ ಮುಖಪುಟಕ್ಕೂ ಹಣ ಖರ್ಚುಮಾಡಿ, ಸಮಾರಂಭಕ್ಕೆ ಕಡಿಮೆ ಮಾಡಿ. ಐಎಸ್‌ಬಿಎನ್ ಸಂಖ್ಯೆ ಭಾರತದಲ್ಲಿ ಉಚಿತವಾಗಿಯೇ ಸಿಗುತ್ತದೆ, ಅದಕ್ಕಾಗಿ ಯಾರಿಗೂ ದುಡ್ಡು ಕೊಡಬೇಡಿ. ಪುಸ್ತಕದ ಬಗ್ಗೆ ಹೇಳುವ ಪ್ರತಿ ಸಲವೂ ಬೆಲೆ, ಸಿಗುವ ಸ್ಥಳ, ಹಣ ಕಳಿಸುವ ವಿಧಾನ ಇರಲಿ. ಪುಸ್ತಕವನ್ನು ಹೊಗಳಬೇಡಿ, ಅದರಿಂದ ಒಂದು ಪುಟ ಓದಿ ಕೇಳಿಸಿ. ನಿಮ್ಮ ಪುಸ್ತಕದ ಬಗ್ಗೆ ಒಂದು ಸಲ ಹೇಳಿದರೆ ಬೇರೆಯವರ ಒಳ್ಳೆಯ ಪುಸ್ತಕದ ಬಗ್ಗೆ ಎರಡು ಸಲ ಹೇಳಿ. ಬಿಡುಗಡೆಯ ವಾರ ಮುಗಿದ ಮೇಲೆ ಶಾಲೆ, ಕಾಲೇಜು, ಓದುಗರ ಬಳಗಗಳು ಕರೆದಲ್ಲಿಗೆ ಹೋಗಿ. ಒಂದು ಪುಸ್ತಕಕ್ಕೆ ಎರಡು ವರ್ಷವಾದರೂ ಹೀಗೆ ನಡೆಯುವ ತಾಳ್ಮೆ ಬೇಕು.

ತನ್ನ ಪುಸ್ತಕ ಬಂದಿದೆ, ಅದರಲ್ಲಿ ಇಂಥದ್ದಿದೆ, ಇಲ್ಲಿ ಸಿಗುತ್ತದೆ ಎಂದು ಹೇಳುವುದು ಲೇಖಕನ ಕೆಲಸದ ಭಾಗವೇ ಹೊರತು ನಾಚಿಕೆಯ ಸಂಗತಿಯಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುವ ಹಕ್ಕು ಮಾತ್ರ ಓದುಗರದು, ಅದನ್ನು ಲೇಖಕ ಕಸಿದುಕೊಳ್ಳಬಾರದು. ಓದುಗರಲ್ಲಿ ನನ್ನದೊಂದು ಕೋರಿಕೆ: ಈ ತಿಂಗಳು ನಿಮಗೆ ಪರಿಚಯವಿಲ್ಲದ ಒಬ್ಬ ಹೊಸ ಲೇಖಕರ ಒಂದು ಪುಸ್ತಕವನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳಿ. ಓದಿ ಮುಗಿಸಿದ ಮೇಲೆ ಅದರ ಬಗ್ಗೆ ಅನಿಸಿದ್ದನ್ನು, ಹಿಡಿಸದಿದ್ದರೂ ಸರಿಯೇ, ಒಬ್ಬರಿಗಾದರೂ ಹೇಳಿ. ಕನ್ನಡ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಪ್ರಚಾರ ಇನ್ನೊಂದಿಲ್ಲ.